ಬರೆಯದೆ ಬಿಟ್ಟ ದೃಶ್ಯ

ಮಧ್ಯಂತರದ ದೀಪಗಳು ಹತ್ತಿಕೊಂಡಾಗ ದೊಡ್ಡವಳಿಗೆ ಹಾಲು ಕುಡಿದಷ್ಟು ಸಂತೋಷವಾಗಿತ್ತು. ಅದು ಮುಖದ ಮೇಲೆ ಕಾಣಿಸಿಕೊಂಡೀತೆಂದು ಹೆದರಿ, ಕನ್ನಡಕ ತೆಗೆದು ಅಂಗಿಯ ತುದಿಯಿಂದ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿದಳು. ಸುತ್ತ ಕೂತಿದ್ದ ಪತ್ರಿಕೆಯವರೆಲ್ಲ ಮೈ ಮುರಿಯುತ್ತ, ಆಕಳಿಸುತ್ತ, ಒಬ್ಬರ ಮುಖ ಒಬ್ಬರು ನೋಡಿ ತುಟಿಯಂಚಿನಲ್ಲೇ ನಗುತ್ತ ಎದ್ದರು. ಅವಳ ಮೇಲೆ ಕಣ್ಣು ಬಿದ್ದವರು ಮಾತ್ರ ನಗುವನ್ನು ಕೆಮ್ಮು ಮಾಡಿಕೊಂಡರು. ಚಿತ್ರದ ನಿರ್ದೇಶಕಿ ಅವಳ ಒಡಹುಟ್ಟಿದ ತಂಗಿ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ.

ಹೊರಗೆ ಕಾಫಿಯ ಮೇಜಿನ ಹತ್ತಿರ ದೊಡ್ಡಪ್ಪ ನಿಂತಿದ್ದರು. ಅವರು ಯಾರಿಗೂ ದೊಡ್ಡಪ್ಪನಲ್ಲ. ಎಲ್ಲರಿಗಿಂತ ಮೊದಲಿಂದ ಸಿನಿಮಾ ವಿಮರ್ಶೆ ಬರೆಯುತ್ತಿದ್ದವರಾದ್ದರಿಂದ ಆ ಹೆಸರು ಅವರಿಗೆ ಅಂಟಿಕೊಂಡಿತ್ತು. ಅವಳಿಗೊಂದು ಲೋಟ ಕೊಟ್ಟು, ತಮಗೊಂದು ಹಿಡಿದುಕೊಂಡು, ಸ್ವಲ್ಪ ಪಕ್ಕಕ್ಕೆ ಕರೆದರು.

"ತಪ್ಪು ತಿಳ್ಕೋಬೇಡಮ್ಮ. ನಿನ್ನ ತಂಗಿ ಸಿನಿಮಾ ಮಾಡಿದ್ದಾಳೋ, ಒಡವೆ ಅಂಗಡಿ ಇಟ್ಟಿದ್ದಾಳೋ? ಅಲ್ಲಿ ರಾಣಿ ಅಳ್ತಾ ಇದ್ರೆ ನನಗೆ ಅವಳ ಕಣ್ಣೀರು ಕಾಣಿಸ್ಲಿಲ್ಲ, ಕಿರೀಟ ಕಾಣಿಸ್ತು."

"ನಿಮಗೆ ಏನು ಅನ್ಸುತ್ತೋ ಅದನ್ನ ಬರೀರಿ ದೊಡ್ಡಪ್ಪ. ನಾನೂ ಅನ್ಸಿದ್ದನ್ನೇ ಬರೀತೀನಿ."

"ನೀನು ಬರೀತೀಯಾ? ಇದಕ್ಕೂ?"

"ನಾನು ಬರೀದೆ ಇದ್ರೆ, ತಂಗಿ ಅಂತ ತಪ್ಪಿಸ್ಕೊಂಡ್ಲು ಅನ್ನಲ್ವಾ ನೀವೆಲ್ಲ?"

ದೊಡ್ಡಪ್ಪ, "ಗಟ್ಟಿಗಿತ್ತಿ ಕಣಮ್ಮ ನೀನು" ಎಂದು ಕಾಫಿ ಹೀರಿದರು. ಇದೇ ಉತ್ತರವನ್ನು ಅವಳು ಹಿಂದಿನ ದಿನ ಸಂಪಾದಕರಿಗೂ ಕೊಟ್ಟಿದ್ದಳು. ಬೇರೆಯವರ ಕೈಲಿ ಬರೆಸೋಣವೇ ಎಂದು ಬಾಯಿಮಾತಿಗೆ ಕೇಳಿದ್ದ ಅವರು, ಅವಳ ಉತ್ತರ ಕೇಳಿ ಹಿಗ್ಗಿ ಹೀರೇಕಾಯಿಯಾಗಿದ್ದರು. ಅಕ್ಕ ತಂಗಿಯ ಚಿತ್ರದ ಬಗ್ಗೆ ಬರೆದರೆ ಓದದೆ ಬಿಡುವವರು ಯಾರು? ಅದರಲ್ಲೂ ಕಚೇರಿಯಲ್ಲಿ ಬೆನ್ನ ಹಿಂದೆ "ಕತ್ತರಿ" ಎಂದು ಕರೆಸಿಕೊಳ್ಳುವ ಅಕ್ಕ!

ಕತ್ತರಿ ಎಂಬ ಹೆಸರು ಅವಳಿಗೂ ಗೊತ್ತಿತ್ತು. ಒಳಗೊಳಗೆ ಇಷ್ಟವೂ ಆಗಿತ್ತು. ಆದರೆ ಚಿಕ್ಕಂದಿನಲ್ಲಿ ಅವಳು ಆಗಬೇಕೆಂದುಕೊಂಡಿದ್ದು ಕತ್ತರಿಯಲ್ಲ. ಚಿಕ್ಕವಳ ಕೈ ಹಿಡಿದು ಮೊದಲ ಸಲ ಚಿತ್ರಮಂದಿರಕ್ಕೆ ಕರೆದುಕೊಂಡು ಹೋದವಳು ಅವಳೇ. ಕ್ಯಾಮೆರಾ ಈಗ ಯಾಕೆ ಹತ್ತಿರ ಬಂತು, ಈ ಮಾತಿನ ಹಿಂದೆ ಸಂಗೀತ ಯಾಕೆ ನಿಂತಿತು ಎಂದು ಆ ಪುಟ್ಟ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದವಳೂ ಅವಳೇ. ಇಬ್ಬರೂ ಸೇರಿ ಸಿನಿಮಾ ಮಾಡುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಅಪ್ಪನಿಗೆ ಪಾರ್ಶ್ವವಾಯು ಹೊಡೆಯಿತು. ಬ್ಯಾಂಕಿನ ಗುಮಾಸ್ತೆ ಕೆಲಸ ಹೋಯಿತು, ಮನೆ ನಡೆಯಬೇಕಿತ್ತು. ದೊಡ್ಡವಳು ಪತ್ರಿಕೆಗೆ ಸೇರಿದಳು. ಚಿಕ್ಕವಳು ಅಷ್ಟು ಹೊತ್ತಿಗಾಗಲೇ ದೂರದ ಊರಿನಲ್ಲಿ ಒಬ್ಬ ನಿರ್ದೇಶಕರ ಕೈಕೆಳಗೆ ಕೆಲಸ ಹಿಡಿದಿದ್ದಳು. "ನೀನಾದ್ರೂ ಅಲ್ಲೇ ಇರು" ಎಂದು ಹೇಳಿದವಳೂ ದೊಡ್ಡವಳೇ. ಹೇಳುವಾಗ ಅದು ಮನಸಾರೆ ಬಂದ ಮಾತಾಗಿತ್ತು. ಆದರೆ ತಂಗಿ ಆ ಮಾತನ್ನು ಅಷ್ಟು ಸಲೀಸಾಗಿ ಒಪ್ಪಿಕೊಂಡಳಲ್ಲ, ಅದು ಮಾತ್ರ ಅವಳ ಹೊಟ್ಟೆಯಲ್ಲಿ ಕರಗದೆ ಉಳಿದುಬಿಟ್ಟಿತು.

ತಂಗಿಯ ಮೊದಲ ಎರಡು ಚಿತ್ರಗಳು ಸಣ್ಣವು. ಜನ ಹೊಗಳಿದಾಗಲೆಲ್ಲ ದೊಡ್ಡವಳು ನಗುನಗುತ್ತಲೇ ಇದ್ದಳು. ಮನೆಗೆ ಬಂದ ಮೇಲೆ ಸುಮ್ಮಸುಮ್ಮನೆ ಅಮ್ಮನ ಮೇಲೆ ರೇಗುತ್ತಿದ್ದಳು. ಈ ಮೂರನೆಯದು ರಾಜ, ರಾಣಿ, ಯುದ್ಧ, ಆನೆ, ಕುದುರೆ ಎಲ್ಲ ಇರುವ ಭಾರಿ ಚಿತ್ರ. ಅರಮನೆಯನ್ನೇ ಕಟ್ಟಿದ್ದರಂತೆ, ರಾಣಿಯ ಒಂದೊಂದು ಉಡುಗೆಗೂ ತಿಂಗಳುಗಟ್ಟಲೆ ಕಸೂತಿ ಹಾಕಿಸಿದ್ದರಂತೆ ಎಂಬ ಸುದ್ದಿಗಳು ವರ್ಷವಿಡೀ ಅವಳ ಮೇಜಿನ ಮೇಲೇ ಬಂದು ಬೀಳುತ್ತಿದ್ದವು. ಒಂದೊಂದು ಸುದ್ದಿಗೂ ಶೀರ್ಷಿಕೆ ಕೊಟ್ಟು ಪುಟಕ್ಕೆ ಕಳಿಸುವಾಗ ಅವಳ ಹೊಟ್ಟೆಯಲ್ಲಿ ಕೆಂಡ ಇಟ್ಟಂತಾಗುತ್ತಿತ್ತು.

ಈಗ ಆ ಕೆಂಡಕ್ಕೆ ನೀರು ಬಿದ್ದಿತ್ತು. ಚಿತ್ರ ಕೆಟ್ಟದಾಗಿತ್ತು, ಅದೂ ಯಾರೂ ಅನುಮಾನ ಪಡದಷ್ಟು! ರಾಣಿ ಮೆಟ್ಟಿಲು ಇಳಿಯಲು ತೆಗೆದುಕೊಳ್ಳುವ ಹೊತ್ತಿನಲ್ಲಿ ಒಂದು ರಾಜ್ಯ ಕೈ ಬದಲಾಗಬಹುದಿತ್ತು. ಮಂತ್ರಿಗಳು ಮಾತಾಡುವುದಕ್ಕಿಂತ ಹೆಚ್ಚಾಗಿ ಮೇಲುಹೊದಿಕೆ ಸರಿಪಡಿಸಿಕೊಳ್ಳುತ್ತಿದ್ದರು. ದೊಡ್ಡವಳು ಮನಸ್ಸಿನಲ್ಲೇ ಸಾಲುಗಳನ್ನು ಮಸೆಯುತ್ತ, ದ್ವಿತೀಯಾರ್ಧಕ್ಕೆ ಹಗುರವಾಗಿ ಒಳಗೆ ಹೋಗಿ ಕೂತಳು.

ಆಗ ಆ ದೃಶ್ಯ ಬಂತು.

ರಾಜನಿಗೆ ಒಂದು ಮಗ್ಗುಲು ಬಿದ್ದುಹೋಗಿದೆ. ಆಸ್ಥಾನ ಸೇರುವುದು ನಿಂತು ಎಷ್ಟೋ ಕಾಲವಾಗಿದೆ. ಆದರೂ ಬೆಳಗಾಗುತ್ತಲೇ ರಾಣಿ ಅವನಿಗೆ ಉಡುಪು ತೊಡಿಸುತ್ತಾಳೆ. ಕಿರೀಟವಿಲ್ಲದ, ಒಡವೆಯಿಲ್ಲದ, ಬಾಚಿಕೊಳ್ಳದ ತಲೆಯ ರಾಣಿ. ಅವನು ಮಂಚದ ಅಂಚಿನಲ್ಲಿ ಕೂತಿದ್ದಾನೆ. ಅವಳು ನೆಲದ ಮೇಲೆ ಕೂತು ಅವನ ಬೂಟಿನ ಪಟ್ಟಿಗಳನ್ನು ಬಿಗಿಯುತ್ತಿದ್ದಾಳೆ. ಬಿಗಿ ಆಯಿತು ಎನ್ನುತ್ತಾನೆ. ಬಿಚ್ಚುತ್ತಾಳೆ, ಮತ್ತೆ ಕಟ್ಟುತ್ತಾಳೆ. ಅವನು ಅವಳನ್ನು ನೋಡುವುದಿಲ್ಲ, ಮೇಲೆ ತೊಲೆಯನ್ನು ನೋಡುತ್ತಿದ್ದಾನೆ. ಮುಂದಕ್ಕೆ ವಾಲಿದಾಗ ಬೀಳದಿರಲೆಂದು ನೆಟ್ಟಗಿದ್ದ ಕೈಯನ್ನು ಅವಳ ತಲೆಯ ಮೇಲೆ ಊರುತ್ತಾನೆ. ಬೂಟು ಹಾಕಿ ಮುಗಿಯುತ್ತದೆ. ಕೈ ಅಲ್ಲೇ ಇರುತ್ತದೆ. ಅವಳೂ ಏಳುವುದಿಲ್ಲ. ಸಂಗೀತವಿಲ್ಲ, ಮಾತಿಲ್ಲ.

ದೊಡ್ಡವಳು ಕುರ್ಚಿಯಲ್ಲಿ ನೆಟ್ಟಗೆ ಕೂತಳು.

ಅದು ಅವರ ಮನೆಯ ಒಳಕೋಣೆ. ಅದು ಅಪ್ಪ. ಹೋಗಲು ಕಚೇರಿಯಿಲ್ಲದಿದ್ದರೂ ದಿನ ಬೆಳಗ್ಗೆ ಬೂಟು ಬೇಕೆಂದು ಹಟ ಹಿಡಿಯುತ್ತಿದ್ದ ಅಪ್ಪ, ನೆಲಕ್ಕೆ ಕೂತು ಲೇಸು ಕಟ್ಟುತ್ತಿದ್ದ ಅಮ್ಮ. ಒಂದು ದಿನ ಬಾಗಿಲ ಸಂದಿಯಲ್ಲಿ ನಿಂತು ಆ ಕೈಯನ್ನು ನೋಡಿದವಳು ಅವಳೊಬ್ಬಳೇ. ಅಪ್ಪ ಹೋದ ಮೇಲೆ, "ನಾನು ಕೊನೇಗೆ ನೋಡ್ಲೇ ಇಲ್ವಲ್ಲ ಅಕ್ಕ" ಎಂದು ತಂಗಿ ಫೋನಿನಲ್ಲಿ ಬಿಕ್ಕಿದಾಗ, ಸಮಾಧಾನಕ್ಕೆಂದು ಅವಳು ಅದನ್ನು ಹೇಳಿದ್ದಳು. ತಂಗಿಯ ಪಾಲಿಗೆ ಊರೂರು, ಚಿತ್ರೀಕರಣ, ಹೆಸರು ಎಲ್ಲ ಬಂದ ಆ ವರ್ಷಗಳಲ್ಲಿ ತನ್ನ ಪಾಲಿಗೆ ಉಳಿದ ಒಂದೇ ಒಂದು ಅದು. ಎಂದಾದರೂ ಬರೆಯುತ್ತೇನೆ ಎಂದು ಕೂತು, ಮೊದಲ ಸಾಲು ಬರೆದು, ಹೊಡೆದು ಹಾಕಿ, ಎದ್ದಿದ್ದು ಅದೆಷ್ಟು ಸಲವೋ.

ಇವಳು ಅದನ್ನೂ ತೆಗೆದುಕೊಂಡಳು. ತೆಗೆದುಕೊಂಡು, ಕೆಡಿಸಿದ್ದರೆ ಹೋಗಲಿ ಎನ್ನಬಹುದಿತ್ತು. ಇಷ್ಟು ದೊಡ್ಡ ಕೆಟ್ಟ ಚಿತ್ರದ ನಟ್ಟನಡುವೆ ಅದೊಂದನ್ನು ಮಾತ್ರ ಕೂದಲು ಕೊಂಕದಂತೆ, ತಾನು ಎಂದೂ ಬರೆಯಲಾಗದಷ್ಟು ಚೆನ್ನಾಗಿ ಮಾಡಿಬಿಟ್ಟಿದ್ದಳು.

ಅವಳು ಅಕ್ಕಪಕ್ಕ ನೋಡಿದಳು. ದೊಡ್ಡಪ್ಪ ಗಲ್ಲ ಎದೆಗೆ ಊರಿ ಗೊರಕೆ ಹೊಡೆಯುತ್ತಿದ್ದರು. ಆಚೆ ಕೂತಿದ್ದವನು ಮೊಬೈಲಿನಲ್ಲಿ ಮುಳುಗಿದ್ದ. ಮುಂದಿನ ಸಾಲಿನ ಇಬ್ಬರು ಏನೋ ಪಿಸುಗುಟ್ಟಿ ನಗುತ್ತಿದ್ದರು. ಅಷ್ಟರಲ್ಲಿ ಕಹಳೆ ಮೊಳಗಿ, ಆನೆಗಳು ಬಂದು, ಚಿತ್ರ ಮತ್ತೆ ಮೊದಲಿನಂತಾಯಿತು.

ಮಧ್ಯಾಹ್ನ ಕಚೇರಿಯಲ್ಲಿ ಕೂತು ಬರೆದಳು. ಸಾಲುಗಳು ನೀರು ಕುಡಿದಷ್ಟು ಸಲೀಸಾಗಿ ಬಂದವು. "ಒಡವೆಗಳಿಗೆ ಅಭಿನಯ ಬರುವುದಿಲ್ಲ" ಎಂದು ತಲೆಬರಹ ಕೊಟ್ಟಳು. ಆನೆಗಳನ್ನು ಹೀಗಳೆದಳು, ಹಾಡುಗಳನ್ನು ಅಣಕಿಸಿದಳು, ರಾಣಿಯ ಉಡುಗೆಯ ಭಾರಕ್ಕೆ ಕಥೆಯ ಸೊಂಟ ಮುರಿದಿದೆ ಎಂದಳು. ಎಲ್ಲವೂ ನಿಜ, ಒಂದಕ್ಕೂ ಯಾರೂ ಎದುರಾಡುವಂತಿರಲಿಲ್ಲ. ಕೊನೆಯಲ್ಲಿ ಒಂದು ಕಡೆ, "ಆದರೆ ದ್ವಿತೀಯಾರ್ಧದಲ್ಲಿ" ಎಂದು ಬರೆದು ಬೆರಳು ನಿಲ್ಲಿಸಿದಳು. ಕಿಟಕಿಯಾಚೆ ಯಾರೋ ಸ್ಕೂಟರಿನ ಕಿಕ್ ಒದೆಯುತ್ತಲೇ ಇದ್ದರು, ಅದು ಹತ್ತಿಕೊಳ್ಳುತ್ತಿರಲಿಲ್ಲ. ಅವಳು ಆ ಎರಡು ಪದಗಳನ್ನು ಅಳಿಸಿ, ಬರಹವನ್ನು ಸಂಪಾದಕರಿಗೆ ಕಳಿಸಿಬಿಟ್ಟಳು.

ಮನೆಗೆ ಬಂದಾಗ ಅಮ್ಮ ಬಟ್ಟೆ ಮಡಚುತ್ತ ಕೂತಿದ್ದಳು.

"ಹೇಗಿದೆಯೇ ಅವಳ ಸಿನಿಮಾ?"

"ಉದ್ದ ಇದೆ."

"ಉದ್ದ ಇದ್ರೆ ಇರ್ಲಿ. ಚೆನ್ನಾಗಿದೆಯೋ ಇಲ್ವೋ?"

"ನೀನು ಅಷ್ಟು ಹೊತ್ತು ಕೂರೋಕಾಗಲ್ಲಮ್ಮ. ಸೊಂಟ ಹಿಡ್ಕೊಳ್ಳುತ್ತೆ."

ಅಮ್ಮ ಕೈಯಲ್ಲಿದ್ದ ದಿಂಬಿನ ಚೀಲವನ್ನು ಒಮ್ಮೆ ಜೋರಾಗಿ ಕೊಡವಿದಳು, ಅಷ್ಟೆ.

ಶುಕ್ರವಾರ ಚಿತ್ರ ತೆರೆ ಕಂಡಿತು. ಶನಿವಾರ ಎಲ್ಲ ಪತ್ರಿಕೆಗಳೂ ಕೈ ತೊಳೆದುಕೊಂಡು ಅದರ ಹಿಂದೆ ಬಿದ್ದಿದ್ದವು. ಯಾರೋ "ಮೂರು ಗಂಟೆಯ ಮದುವೆ ದಿಬ್ಬಣ" ಎಂದರು, ಯಾರೋ ದರ್ಜಿಗೆ ಮಾತ್ರ ಪೂರ್ಣ ಅಂಕ ಕೊಟ್ಟರು. ಎಲ್ಲಕ್ಕಿಂತ ಹೆಚ್ಚು ಮಂದಿ ಓದಿದ್ದು, ಹಂಚಿಕೊಂಡಿದ್ದು ದೊಡ್ಡವಳದ್ದನ್ನು. ಸ್ವಂತ ತಂಗಿಯೆಂದೂ ನೋಡದ ಪ್ರಾಮಾಣಿಕತೆ ಎಂದು ಮುಖಪರಿಚಯವಿಲ್ಲದವರೂ ಹೊಗಳಿದರು. ಅವಳು ಎಲ್ಲರ ವಿಮರ್ಶೆಯನ್ನೂ ಒಂದು ಸಾಲೂ ಬಿಡದೆ ಓದಿದಳು. ಬೂಟಿನ ದೃಶ್ಯದ ಮಾತು ಯಾರೂ ಎತ್ತಿರಲಿಲ್ಲ. ಅವಳಿಗೆ ಅದರಿಂದ ಒಂದು ಬಗೆಯ ಸಮಾಧಾನವಾಯಿತು. ತನ್ನ ವಸ್ತು ಕಳವಾಗಿದ್ದರೂ ಯಾರ ಕಣ್ಣಿಗೂ ಬಿದ್ದಿಲ್ಲ ಎಂಬಂಥ ಸಮಾಧಾನ.

ಮಂಗಳವಾರ ಸಂಜೆ ಚಿಕ್ಕವಳು ಬಂದಳು. ಮುಖ ಸೊರಗಿತ್ತು, ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು, ಆದರೆ ಬಾಗಿಲಲ್ಲೇ, "ಅಕ್ಕಾ, ಬದುಕಿದ್ದೀನಿ ನೋಡು. ಇನ್ನೊಂದು ಸುತ್ತು ಹೊಡೀಬಹುದು" ಎಂದು ನಕ್ಕಳು. ಅಮ್ಮ ಕಾಫಿ ಮಾಡಲು ಒಳಗೆ ಹೋದಳು. ಅಕ್ಕತಂಗಿಯರು ಸೋಫಾದ ಎರಡು ತುದಿಗೆ ಕೂತರು.

"ನೀನು ಬರೆದಿದ್ರಲ್ಲಿ ತಪ್ಪೇನಿಲ್ಲ," ಎಂದಳು ಚಿಕ್ಕವಳು. "ಕಥೆಯ ಸೊಂಟ ಮುರಿದಿದೆ ಅಂದ್ಯಲ್ಲ, ಓದಿ ನಗು ಬಂತು. ನಿಜ ಅದು. ಎಡಿಟಿಂಗ್ ಮಾಡ್ವಾಗ್ಲೇ ನನಗೆ ಗೊತ್ತಾಗಿತ್ತು."

"ಮತ್ತೆ ಯಾಕೆ ಹಾಗೆ ಮಾಡ್ದೆ?"

"ಹೇಳ್ತೀನಿ. ಮೊದಲು ನಾನೊಂದು ಕೇಳ್ಲಾ?" ತಂಗಿ ಉಗುರಿನ ಅಂಚು ಕೆರೆದುಕೊಳ್ಳುತ್ತ ತಲೆ ತಗ್ಗಿಸಿದಳು. "ಇಂಟರ್‌ವಲ್ ಆದ ಸ್ವಲ್ಪ ಹೊತ್ತಿಗೆ ನೀನು ಎದ್ದು ಹೊರಗೆ ಹೋಗಿದ್ಯಾ?"

ದೊಡ್ಡವಳಿಗೆ ತಕ್ಷಣ ಅರ್ಥವಾಯಿತು. ಇಲ್ಲ ಎಂದರೆ ಮುಂದಿನ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ. ಹೌದು ಎಂದರೆ ಎಲ್ಲ ಅಲ್ಲಿಗೇ ಮುಗಿಯುತ್ತದೆ.

"ಹೌದು," ಎಂದಳು. "ಆಫೀಸಿಂದ ಫೋನ್ ಬಂದಿತ್ತು. ಯಾಕೆ?"

ಚಿಕ್ಕವಳ ಮುಖ ಅರಳಿದ ರೀತಿಯನ್ನು ಅವಳು ಎಣಿಸಿರಲಿಲ್ಲ. ಚಿಕ್ಕಂದಿನಲ್ಲಿ, ಕಳೆದುಹೋದ ಪೆನ್ಸಿಲ್ ಚೀಲದ ಮೂಲೆಯಲ್ಲೇ ಸಿಕ್ಕಾಗ ಹೀಗೆ ಅರಳುತ್ತಿತ್ತು ಆ ಮುಖ.

"ಅಯ್ಯೋ, ಹಾಗೆ ಹೇಳು! ನಾನು ನಾಲ್ಕು ದಿನದಿಂದ ಏನೇನೋ ಅಂದ್ಕೊಂಡು ಸಾಯ್ತಾ ಇದ್ದೀನಿ. ನೀನು ನೋಡಿ, ಕೋಪ ಬಂದು, ಬೇಕಂತಲೇ ಬಿಟ್ಟಿದ್ದೀಯ ಅಂದ್ಕೊಂಡೆ. ಅಪ್ಪನ ಬೂಟಿಂದು ಹಾಕಿದ್ದೀನಿ ಅಕ್ಕಾ, ಚಿತ್ರದಲ್ಲಿ. ನೀನು ಫೋನಲ್ಲಿ ಹೇಳಿದ್ಯಲ್ಲ, ಹಾಗೇ. ಕೇಳ್ಬೇಕು ಅಂತ ಎಷ್ಟು ಸಲ ಫೋನ್ ಕೈಗೆ ತಗೊಂಡೆ. ಆದ್ರೆ ಕೇಳಿದ್ರೆ ನೀನು ಬೇಡ ಅಂತಿದ್ದೆ."

"ಅಂತಿದ್ದೆ," ಎಂದಳು ದೊಡ್ಡವಳು. ಆ ಸಂಜೆ ಅವಳು ಆಡಿದ ನಿಜವೆಂದರೆ ಅದೊಂದೇ.

"ಗೊತ್ತು. ಅದಕ್ಕೇ ಕೇಳ್ಲಿಲ್ಲ. ನಿರ್ಮಾಪಕರು ಅದನ್ನ ತೆಗಿ ಅಂತ ಹಟ ಹಿಡಿದ್ರು. ರಾಣಿ ಬೂಟು ಹಾಕೋದನ್ನ ಯಾರು ನೋಡ್ತಾರೆ ಅಂತ. ಅದನ್ನ ಉಳಿಸ್ಕೊಳ್ಳೋಕೆ ಆನೆ ಒಪ್ಕೊಂಡೆ. ಹಾಡು ಒಪ್ಕೊಂಡೆ. ಆ ಮೆಟ್ಟಿಲು ಇಳಿಯೋದಿದೆಯಲ್ಲ, ಅದನ್ನೂ ಒಪ್ಕೊಂಡೆ." ಅವಳು ನಕ್ಕಳು, ನಗು ಅರ್ಧಕ್ಕೇ ನಿಂತಿತು. "ಈಗ ಜನ ಬರ್ತಿಲ್ಲ ಅಂತ ಶುಕ್ರವಾರದಿಂದ ಅರ್ಧ ಗಂಟೆ ಕತ್ತರಿಸ್ತಾರಂತೆ. ಮೊದಲು ಹೋಗೋದು ಅದೇ. ಒಬ್ಬರಾದ್ರೂ ಅದರ ಬಗ್ಗೆ ಒಂದು ಸಾಲು ಬರೆದಿದ್ರೆ, ಅದನ್ನ ಹಿಡ್ಕೊಂಡು ಜಗಳಾನಾದ್ರೂ ಆಡ್ತಿದ್ದೆ. ಹೋಗ್ಲಿ ಬಿಡು. ನೀನು ನೋಡ್ಲಿಲ್ಲ, ಅದು ನಿನ್ನ ತಪ್ಪಾ?"

ಅಮ್ಮ ಕಾಫಿ ತಂದಳು. ಲೋಟ ಕೊಡುವಾಗ ಇಬ್ಬರ ಮುಖವನ್ನೂ ನೋಡಿ, "ಏನಾಯ್ತು?" ಎಂದಳು. "ಏನಿಲ್ಲಮ್ಮ," ಎಂದು ಇಬ್ಬರೂ ಒಟ್ಟಿಗೆ ಹೇಳಿದರು.

ತಂಗಿ ಹೋದ ಮೇಲೆ ದೊಡ್ಡವಳಿಗೆ ನಾಚಿಕೆಯೇನೋ ಆಗಿತ್ತು. ಆದರೆ ಹೊಟ್ಟೆಕಿಚ್ಚು ಅದರಿಂದ ಆರಿರಲಿಲ್ಲ, ಇನ್ನಷ್ಟು ಕೆರಳಿತ್ತು. ಕ್ಷಮಿಸುವ ಸರದಿಯೂ ತಂಗಿಗೇ ಹೋಯಿತಲ್ಲ! ಅವಳು ಬಯ್ದಿದ್ದರೆ, ಅತ್ತಿದ್ದರೆ, ನಿನಗೆ ಹೊಟ್ಟೆಯುರಿ ಎಂದು ಮುಖಕ್ಕೆ ಹೇಳಿದ್ದರೆ ಇವಳೂ ಒಂದಕ್ಕೆರಡು ಆಡಿ ಹಗುರಾಗಬಹುದಿತ್ತು.

ಮರುದಿನ ಸಂಪಾದಕರ ಕೋಣೆಗೆ ಹೋದಳು. "ಸಾರ್, ಆ ಚಿತ್ರದ ಬಗ್ಗೆ ಇನ್ನೊಂದು ಸಣ್ಣ ಟಿಪ್ಪಣಿ ಕೊಡ್ಲಾ? ಒಂದು ದೃಶ್ಯದ ಬಗ್ಗೆ. ನಾಳೆನೇ ಬರ್ಬೇಕು."

ಸಂಪಾದಕರು ತಲೆ ಎತ್ತದೆ ನಕ್ಕರು. "ಹೋದ ವಾರ ಸುಟ್ಟಿದ್ದನ್ನ ಈ ವಾರ ಯಾಕೆ ಕೆದಕ್ತೀರ ಮೇಡಂ? ನಿಮ್ಮ ವಿಮರ್ಶೆಗೆ ಎಂಥ ಹೆಸರು ಬಂದಿದೆ. ಈಗ ಇನ್ನೊಂದು ಬರೆದ್ರೆ, ಮನೇಲಿ ಜಗಳ ಆಯ್ತು, ಅದಕ್ಕೇ ತೇಪೆ ಹಚ್ತಿದ್ದಾರೆ ಅಂತಾರೆ." ಅವರ ಮಾತಿನಲ್ಲಿ ನ್ಯಾಯವಿತ್ತು. ಅವಳು ಬಾಗಿಲು ಮುಂದೆ ಮಾಡಿಕೊಂಡು ಹೊರಬಂದಳು.

ಗುರುವಾರ ಮಧ್ಯಾಹ್ನ ಅಮ್ಮನನ್ನು ಆಟೋದಲ್ಲಿ ಕೂರಿಸಿಕೊಂಡು ಚಿತ್ರಮಂದಿರಕ್ಕೆ ಹೋದಳು. "ಸೊಂಟ ಹಿಡ್ಕೊಳ್ಳುತ್ತೆ ಅಂದ್ಯಲ್ಲ?" ಎಂದಳು ಅಮ್ಮ. "ಹಿಡ್ಕೊಂಡ್ರೆ ಉಜ್ತೀನಿ, ಬಾ," ಎಂದಳು ಮಗಳು. ಒಳಗೆ ಬೆರಳೆಣಿಕೆಯ ಜನ. ಅಮ್ಮ ರಾಣಿಯ ಉಡುಗೆಗಳನ್ನು ಬಾಯಿ ತೆರೆದುಕೊಂಡು ನೋಡಿದಳು, ಆನೆಗಳಿಗೆ ಖುಷಿಪಟ್ಟಳು, ಮೆಟ್ಟಿಲು ಇಳಿಯುವಾಗ, "ಪಾಪ, ಅಷ್ಟು ಭಾರ ಹೊತ್ಕೊಂಡು ಹೇಗೆ ಬೇಗ ಇಳೀತಾಳೆ" ಎಂದು ಮರುಗಿದಳು. ದೊಡ್ಡವಳಿಗೆ ತಾನು ಬರೆದ ಒಂದೊಂದು ಸಾಲೂ ನೆನಪಾಗಿ ಕಿವಿ ಬಿಸಿಯಾಗುತ್ತಿತ್ತು.

ಮಂಚದ ಅಂಚಿನಲ್ಲಿ ರಾಜ ಕೂತ. ರಾಣಿ ನೆಲಕ್ಕೆ ಕೂತಳು. ದೊಡ್ಡವಳು ಪರದೆಯನ್ನು ಬಿಟ್ಟು ಅಮ್ಮನ ಮುಖವನ್ನೇ ನೋಡಿದಳು. ಆ ಬೆಳಕಿನಲ್ಲಿ ಅಮ್ಮನ ಮುಖ ಒಮ್ಮೆ ಗಂಟಿಕ್ಕಿತು, ಆಮೇಲೆ ನಿಶ್ಚಲವಾಯಿತು. ಪರದೆಯ ಮೇಲೆ ಕೈ ತಲೆಯ ಮೇಲೇ ಉಳಿದಿತ್ತು. ಮುಂದಿನ ಸಾಲಿನಲ್ಲಿ ಪೊಟ್ಟಣ ಸರಸರ ಎನ್ನಿಸುತ್ತಿದ್ದವನು ಅದನ್ನು ನಿಲ್ಲಿಸಿದ್ದ.

"ಇದನ್ನ ಅವಳಿಗೆ ಯಾರು ಹೇಳಿದ್ರು?" ಅಮ್ಮ ಪಿಸುಗುಟ್ಟಿದಳು.

"ನಾನು. ಒಂದಿನ ಬಾಗಿಲಲ್ಲಿ ನಿಂತಿದ್ದೆ. ಅವತ್ತು ಅಪ್ಪ ನಿನ್ನ ತಲೆ ಮೇಲೆ ಕೈ ಇಟ್ಟಿದ್ರು."

"ಅವತ್ತು ಅಂದ್ರೆ?" ಅಮ್ಮ ಅವಳ ಕಡೆ ತಿರುಗಿದಳು. "ದಿನಾ ಇಡ್ತಿದ್ರು ಕಣೇ. ಬೂಟು ಕಟ್ಟಿದ ಮೇಲೆ ಕೈ ತೆಗೀತಾನೇ ಇರ್ಲಿಲ್ಲ. ಅನ್ನಕ್ಕೆ ಇಟ್ಟಿದ್ದೀನಿ, ಬಿಡ್ರೀ ಅಂತಿದ್ದೆ." ಮತ್ತೆ ಪರದೆಗೆ ತಿರುಗಿ, ಮೂಗು ಒರೆಸಿಕೊಂಡು, "ಆದ್ರೆ ಇವಳು ಬಲಗಾಲಿಗೆ ಮೊದಲು ಹಾಕ್ಬಿಟ್ಲು. ಹಾಗೆ ಹಾಕಿದ್ರೆ ಎಡಗಾಲಿನ ಹೊತ್ತಿಗೆ ಅವರಿಗೆ ಸುಸ್ತಾಗೋದು. ಸ್ವಾಧೀನ ಇಲ್ಲದ ಕಾಲಿಗೇ ಮೊದಲು ಹಾಕ್ಬೇಕು," ಎಂದಳು.

ದಿನಾ. ದೊಡ್ಡವಳು ಆ ಮಾತನ್ನು ಬಾಯಲ್ಲಿಟ್ಟುಕೊಂಡು ಕೂತಳು. ತಾನು ಇಷ್ಟು ವರ್ಷ ಎದೆಗೆ ಅವಚಿಕೊಂಡು ಯಾರಿಗೂ ಬಿಡೆನೆಂದು ಕೂತದ್ದು, ಅಮ್ಮ ದಿನ ಬೆಳಗ್ಗೆ ಒಲೆಯ ಮೇಲಿನ ಅನ್ನದ ಚಿಂತೆಯಲ್ಲಿ ತಲೆ ಕೊಡವಿಕೊಂಡು ಏಳುತ್ತಿದ್ದ ಗಳಿಗೆಯಾಗಿತ್ತು. ಕಹಳೆ ಮೊಳಗಿತು. ಪರದೆಯ ತುಂಬ ಕೆಂಧೂಳು ಎದ್ದಿತು.

"ಈಗ ಬಂದೆ," ಎಂದು ಅಮ್ಮನಿಗೆ ಹೇಳಿ ಅವಳು ಎದ್ದು ಹೊರಗೆ ಬಂದಳು. ಮೊಗಸಾಲೆಯಲ್ಲಿ ಯಾರೂ ಇರಲಿಲ್ಲ. ತಂಗಿಗೆ ಫೋನ್ ಮಾಡಿದಳು.

"ಅಕ್ಕಾ?"

"ಎಡಗಾಲು ಮೊದಲಂತೆ," ಎಂದಳು ದೊಡ್ಡವಳು. ಮತ್ತೆ ಹೇಳಿದಳು: "ಅಮ್ಮ ಹೇಳಿದ್ಲು. ಸ್ವಾಧೀನ ಇಲ್ಲದ ಕಾಲಿಗೆ ಮೊದಲು ಹಾಕ್ಬೇಕಂತೆ."

ಆ ಕಡೆಯಿಂದ ಬಹಳ ಸಣ್ಣ ದನಿಯಲ್ಲಿ, "ಎಲ್ಲಿದ್ದೀಯ ನೀನು?" ಎಂಬ ಪ್ರಶ್ನೆ ಬಂತು.

ಹೇಳಬೇಕಾದ್ದು ಇನ್ನೂ ಇತ್ತು. ಅವತ್ತು ನಾನು ಹೊರಗೆ ಹೋಗಿರಲಿಲ್ಲ ಎಂಬುದು ನಾಲಿಗೆಯ ತುದಿಯವರೆಗೆ ಬಂದು ನಿಂತಿತ್ತು. ಅವಳು ಬಾಗಿಲು ತಳ್ಳಿ, ತೋಳು ಚಾಚಿ ಫೋನನ್ನು ಒಳಗಿನ ಸದ್ದಿಗೆ ಹಿಡಿದಳು. ಒಳಗೆ ಕುದುರೆಗಳು ಓಡುತ್ತಿದ್ದವು. ಭಾರದ ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುತ್ತ ಬಂತು. ಶಬ್ದ ನಿಲ್ಲದಿರಲೆಂದು ಅವಳು ಅದರ ಸಂದಿಗೆ ಪಾದ ಕೊಟ್ಟು ನಿಂತಳು.